ಕಾಲಲ್ಲಿರುವ ನಾಲಗೆ

ಕರಿಬೇವು ಒಗ್ಗರಣೆಗೆ, ನಿಂಬೆ ಉಪ್ಪಿನಕಾಯಿಗೆ, ಬಿಲ್ವಪತ್ರೆ ಶಿವನ ಮುಡಿಗೆ. ನಮ್ಮ ಬದುಕಿನಲ್ಲಿ ಈ ಮೂರೂ ಒಂದು ಕಡೆ ಸೇರುವುದೇ ಅಪರೂಪ. ನೋಡಲೂ ಒಂದರಂತೆ ಇನ್ನೊಂದಿಲ್ಲ. ಸಸ್ಯಶಾಸ್ತ್ರಜ್ಞರು ಹೂವು, ಕಾಯಿಗಳನ್ನೆಲ್ಲ ಬಿಡಿಸಿ ನೋಡಿದ ಮೇಲೆ ಇವನ್ನು ರುಟೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದರು.

ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಗೆ ಈ ನೆಂಟಸ್ತಿಕೆ ಮೊದಲೇ ಗೊತ್ತು. ಮೂರರ ಮೇಲೂ ಅದು ಮೊಟ್ಟೆಯಿಡುತ್ತದೆ. ಮೊಟ್ಟೆಯಿಡಲು ಬಂದ ಹೆಣ್ಣು ಎಲೆಯಿಂದ ಎಲೆಗೆ ಕೂತೂ ಕೂರದಂತೆ ಸುಳಿದಾಡಿ, ಮುಂಗಾಲುಗಳಿಂದ ಪಟಪಟನೆ ಬಡಿಯುತ್ತದೆ. ಅದು ರುಚಿ ನೋಡುವ ಬಗೆ. ಇದರ ಬಳಗದ್ದೇ ಇನ್ನೊಂದು ಚಿಟ್ಟೆಯನ್ನು ಪರೀಕ್ಷಿಸಿದ ಜಪಾನಿನ ವಿಜ್ಞಾನಿಗಳು, ನಿಂಬೆ ಜಾತಿಯ ಎಲೆಗಳಲ್ಲಿರುವ ಸಿನೆಫ್ರಿನ್ ಎಂಬ ರಾಸಾಯನಿಕವನ್ನು ಗುರುತಿಸುವ ಗ್ರಾಹಕ ಹೆಣ್ಣಿನ ಮುಂಗಾಲಿನಲ್ಲಿದೆ ಎಂದು 2011ರಲ್ಲಿ ತೋರಿಸಿದರು.

ಹೇಗೆ ಗುರುತಿಸುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತು, ಸರಿ. ಆದರೂ ನನ್ನ ಬೆರಗು ಇನ್ನೊಂದು ಕಡೆ ಸಿಕ್ಕಿಕೊಂಡಿದೆ. ಈ ಎಲೆಯಿಂದ ಚಿಟ್ಟೆಗೆ ಈಗ ಏನೂ ಆಗಬೇಕಾದ್ದಿಲ್ಲ. ಅದಕ್ಕಿರುವುದು ಮಕರಂದ ಹೀರುವ ಸೊಂಡಿಲು. ಎಲೆ ತಿಂದದ್ದು ಹುಳುವಾಗಿದ್ದಾಗ. ಆ ಹುಳುವಿನ ಮೈಯ ಬಹುಪಾಲು ಕೋಶದೊಳಗೆ ಕರಗಿ ಬೇರೆಯೇ ಆಗಿಹೋಗಿದೆ. ಅಷ್ಟಾದರೂ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟವಳ ಹಾಗೆ ಊರಿನ ಅಷ್ಟೂ ಹಸಿರನ್ನು ದಾಟಿ, ಮಹಡಿಯ ಮೇಲಿನ ಒಂದು ಕುಂಡದ ಕರಿಬೇವಿಗೆ ಬರುತ್ತದೆ. ಮೊಟ್ಟೆಯಿಟ್ಟು ಹಾರಿದರೆ ತಿರುಗಿ ನೋಡುವುದಿಲ್ಲ.

ಚಿಟ್ಟೆ ಬರಲಿ ಎಂದು ಹೂವಿನ ಗಿಡವನ್ನಷ್ಟೇ ನೆಡುವವರು ಬಹಳ. ಚಿಟ್ಟೆಗಳು ಬರುತ್ತವೆ, ಕುಡಿಯುತ್ತವೆ, ಹೋಗುತ್ತವೆ. ಸಂಸಾರ ಹೂಡಬೇಕಾದರೆ ಎಲೆ ತಿನ್ನಿಸಿಕೊಳ್ಳುವ ಗಿಡ ಬೇಕು, ಔಷಧಿ ಹೊಡೆಯದ ಯಜಮಾನನೂ ಬೇಕು. ಮಾರ್ಮನ್‌ನ ಎಳೆಯ ಹುಳು ಥೇಟ್ ಹಕ್ಕಿಯ ಹಿಕ್ಕೆ, ಬಲಿತರೆ ಎಲೆಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ನಾತ ಬಿಡುತ್ತದೆ. ಚಿಗುರೆಲ್ಲ ಬೋಳಾದೀತು, ಆಗಲಿ. ಕರಿಬೇವು ಮತ್ತೆ ಚಿಗುರುತ್ತದೆ.

ಜಾಗವಿದ್ದರೆ ಪಕ್ಕದಲ್ಲೇ ಈಶ್ವರಿ ಬಳ್ಳಿ ಹಬ್ಬಿಸಬೇಕು. ಕರ್ನಾಟಕದ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಗಳು ಮೇಯುವ ಬಳ್ಳಿ ಇದು. ಮಲೆನಾಡಿನ ಆ ಚಿಟ್ಟೆ ಬಯಲುಸೀಮೆಯ ಹಿತ್ತಲಿಗೆ ಬಾರದಿದ್ದರೂ ಕ್ರಿಮ್ಸನ್ ರೋಸ್ ಎಂಬ ಚಿಟ್ಟೆ ಬಂದೀತು. ಬಳ್ಳಿಯ ವಿಷವನ್ನು ಮೈಯಲ್ಲಿ ತುಂಬಿಕೊಂಡು ಬೆಳೆಯುವ ಅದನ್ನು ಹಕ್ಕಿಗಳು ಮುಟ್ಟುವುದಿಲ್ಲ. ಅದಕ್ಕೇ ಕರಿಬೇವು ತಿಂದು ಬೆಳೆದ, ವಿಷದ ಸೋಂಕೂ ಇಲ್ಲದ ಹೆಣ್ಣು ಮಾರ್ಮನ್‌ಗಳಲ್ಲಿ ಕೆಲವು ಕ್ರಿಮ್ಸನ್ ರೋಸ್‌ನ ವೇಷದಲ್ಲೇ ಹುಟ್ಟುತ್ತವೆ. ಕಾಲಿಗೆ ಅಷ್ಟು ಸುಲಭವಾಗಿ ದಕ್ಕುವ ಸತ್ಯ ಹಕ್ಕಿಯ ಕಣ್ಣಿಗೆ ದಕ್ಕುವುದಿಲ್ಲ. ನಮ್ಮ ಕಣ್ಣೂ ಮೊದಮೊದಲು ಎಡವುತ್ತದೆ. ಗುರುತು ಹಿಡಿಯಲು ರೆಕ್ಕೆ ಬಿಟ್ಟು ಮೈ ನೋಡಬೇಕು: ರೋಸ್‌ನದು ಕೆಂಪು, ಮಾರ್ಮನ್‌ನದು ಕಪ್ಪು. ಮೈಬಣ್ಣದ ನಕಲು ಅದಕ್ಕಿನ್ನೂ ಕೈಗೂಡಿಲ್ಲ.