ಅಲ್ಪಾಯುಷಿಗಳ ಸಹವಾಸ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಸಣ್ಣ ಮೀನುಗಳನ್ನು ಸಾಕುವವರಿಗೆ ಒಂದು ಬೆಳಗು ತಪ್ಪದೆ ಬರುತ್ತದೆ. ದೀಪ ಹಾಕಿ ಎಣಿಸಿದರೆ ಒಂದು ಕಡಮೆ. ನಿನ್ನೆಯವರೆಗೆ ಬಣ್ಣದ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಆಡುತ್ತಿದ್ದ ಜೀವವು ಗಿಡದ ಬುಡದಲ್ಲಿಯೋ ನೀರು ಸೋಸುವ ಯಂತ್ರದ ಬಾಯಲ್ಲಿಯೋ ಕಳೆಗೆಟ್ಟು ಬಿದ್ದಿರುತ್ತದೆ. ಹಸು ಸತ್ತರೆ, ನಾಯಿ ಸತ್ತರೆ, ನೆರೆಯವರು ಬಂದು ಎರಡು ಮಾತನಾಡುವುದುಂಟು. ಹೆಬ್ಬೆರಳಿನಷ್ಟೂ ಇಲ್ಲದ ಮೀನಿಗಾಗಿ ಮನಸ್ಸು ಕದಡಿತೆಂದರೆ ಕೇಳಿದವರು ನಗುತ್ತಾರೆ. ಆದಕಾರಣ ದೊಡ್ಡವರು ಅದನ್ನು ಸದ್ದಿಲ್ಲದೆ ಎತ್ತಿಹಾಕಿ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಆದರೆ ಮನೆಯಲ್ಲಿ ಆರೇಳು ವರ್ಷದ ಮಗುವೊಂದಿದ್ದು, “ಅದು ಏಕೆ ಸತ್ತಿತು?” ಎಂದು ಕೇಳಿದರೆ, ಸುಲಭವಾದ ಉತ್ತರವು ಯಾರ ಬಾಯಿಂದಲೂ ಹೊರಡುವುದಿಲ್ಲ.

“ಅದರ ಆಯುಸ್ಸು ಅಷ್ಟೇ” ಎನ್ನುವುದು ವಾಡಿಕೆಯ ಉತ್ತರ. ಇದರಲ್ಲಿ ಸತ್ಯವಿಲ್ಲದಿಲ್ಲ. ನಮ್ಮ ಊರುಗಳ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುವ ಗಪ್ಪಿ ಮೀನು ಬಾಳುವುದು ಸುಮಾರು ಎರಡು ವರ್ಷ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿಯೇ ಅದರಲ್ಲಿ ಕೆಲವು ತಿಂಗಳು ಕಳೆದಿರುತ್ತವೆ. ಟ್ರಿನಿಡಾಡ್ ದ್ವೀಪದಿಂದ ಈ ಮೀನಿನ ಮಾದರಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳುಹಿಸಿದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬವರ ಹೆಸರನ್ನು 1866ರಲ್ಲಿ ಇದಕ್ಕೆ ಇಟ್ಟರು. ಅದಕ್ಕೆ ಏಳು ವರ್ಷ ಮೊದಲೇ, 1859ರಲ್ಲಿ, ಜರ್ಮನಿಯ ಪೀಟರ್ಸ್ ಎಂಬ ಪಂಡಿತನು ಇದನ್ನೇ ಬೇರೆ ಹೆಸರಿನಿಂದ ವರ್ಣಿಸಿದ್ದನಾದ್ದರಿಂದ ಶಾಸ್ತ್ರದಲ್ಲಿ ಗಪ್ಪಿಯ ಹೆಸರು ನಿಲ್ಲಲಿಲ್ಲ; ಅಂಗಡಿಯಲ್ಲಿ ನಿಂತಿತು. ಹೆಸರು ಕೊಟ್ಟವರು 1836ರಿಂದ 1916ರವರೆಗೆ ಬಾಳಿದರು. ಹೆಸರು ಹೊತ್ತದ್ದಕ್ಕೆ ಎರಡು ವರ್ಷ.

ಆದರೆ ಈ ಉತ್ತರವನ್ನು ಹೇಳುವ ಮೊದಲು ಹೇಳುವವನು ತನ್ನ ಅಂತಃಕರಣವನ್ನು ಒಮ್ಮೆ ವಿಚಾರಿಸತಕ್ಕುದು. ತೊಟ್ಟಿಯಲ್ಲಿ ಸಂಭವಿಸುವ ಮರಣಗಳು ಎರಡು ಬಗೆ: ಕಾಲದಿಂದ ಬಂದುದು, ಸಾಕಿದವನಿಂದ ಬಂದುದು. ಎರಡನೆಯದಕ್ಕೆ ಮೊದಲನೆಯದರ ಹೊದಿಕೆ ಹೊದಿಸುವುದು ಬಹು ಸುಲಭ. ಚಿನ್ನದ ಬಣ್ಣದ ಗೋಲ್ಡ್‌ಫಿಶ್ ಎಂಬ ಮೀನನ್ನೇ ನೋಡಬಹುದು. ದುಂಡನೆಯ ಗಾಜಿನ ಬೋಗುಣಿಯಲ್ಲಿಟ್ಟ ಅದು ಕೆಲವು ತಿಂಗಳಲ್ಲಿ ಸತ್ತರೆ, ಅದರ ಜಾತಿಯೇ ಅಲ್ಪಾಯುವೆಂದು ಜನ ನಂಬಿದ್ದಾರೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಪಂತವೊಂದರಲ್ಲಿ ಗೆದ್ದು ತಂದ ಅಂಥದೇ ಮೀನೊಂದು 1999ರವರೆಗೆ, ನಲವತ್ತಮೂರು ವರ್ಷ, ಬದುಕಿತ್ತು. ಸಾಮಾನ್ಯವಾಗಿಯೂ ಸರಿಯಾದ ನೀರು ಸ್ಥಳಗಳಿದ್ದರೆ ಹತ್ತು ಹದಿನೈದು ವರ್ಷ ಬಾಳತಕ್ಕ ಪ್ರಾಣಿ ಅದು. ಬೋಗುಣಿಯಲ್ಲಿ ಸತ್ತದ್ದಕ್ಕೆ ವಿಧಿಯನ್ನು ದೂರುವುದು ನ್ಯಾಯವಲ್ಲ.

ಇದರ ಕಾರಣವು ಗೂಢವಾದುದೂ ಅಲ್ಲ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ಎಂಬ ವಿಷವನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಮರಳಿನಲ್ಲಿಯೂ ಸೋಸುವ ಯಂತ್ರದ ಅರಿವೆಯಲ್ಲಿಯೂ ನೆಲಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಎಂಬುದಾಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಬಳಿಕ ಬೇರೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಸುತ್ತವೆ; ಇದು ಅಷ್ಟು ಹಾನಿಕರವಲ್ಲ, ಗಿಡಗಳಿಗೆ ಆಹಾರ. ಈ ಅಗೋಚರವಾದ ಸಂಸಾರವು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರ ಬೇಕು. ಬೆಳಗ್ಗೆ ತೊಟ್ಟಿಯನ್ನು ಕೊಂಡು ಸಂಜೆಗೆ ಹನ್ನೆರಡು ಮೀನುಗಳನ್ನು ತುಂಬಿದವನು ಅವುಗಳನ್ನು ಕಣ್ಣಿಗೆ ನಿರ್ಮಲವಾಗಿ ಕಾಣುವ ವಿಷದಲ್ಲಿ ಬಿಟ್ಟಂತಾಯಿತು. ನೀರು ತಿಳಿಯಾಗಿದ್ದಷ್ಟಕ್ಕೆ ಒಳ್ಳೆಯದೆಂದು ನಂಬುವುದು ಮನುಷ್ಯನ ಹಳೆಯ ಭ್ರಮೆ. ದುಃಖಕ್ಕೆ ಹಕ್ಕು ಪಡೆಯುವ ಮೊದಲು ಇಷ್ಟನ್ನು ತಿಳಿದಿರಬೇಕೆಂದರೆ ಕಠೋರವಾದೀತೇನೋ. ಆದರೂ ಹೇಳದೆ ವಿಧಿಯಿಲ್ಲ.

ಹಾಗೆಂದು ಪ್ರತಿಯೊಂದು ಸಾವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಳ್ಳುವವರೂ ಇದ್ದಾರೆ. ಅವರ ಪಾಡು ಇನ್ನೊಂದು ಬಗೆ. ಟಿಪ್ಪುವಿನ ಪತನಾನಂತರ 1800–1801ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿಯ ಬೆಳೆ ಕಸುಬುಗಳನ್ನು ವರದಿಮಾಡಿದ ಬುಕಾನನ್ ಸಾಹೇಬನ ಹೆಸರನ್ನು ಕನ್ನಡಿಗರು ಬಲ್ಲರು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಆತನೇ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿ, ನೀಲಿ ಪಟ್ಟೆಯ ಜೀಬ್ರಾ ಮೀನನ್ನು ಮೊದಲು ವರ್ಣಿಸಿದನು. ಹಳ್ಳ ಗದ್ದೆಗಳಲ್ಲಿ ಈ ಮೀನು ಒಂದು ವರ್ಷವನ್ನು ಕೊಂಚ ದಾಟುವುದೇ ಹೆಚ್ಚು. ತೊಟ್ಟಿಯಲ್ಲಿ ಮೂರು ವರ್ಷ, ಒಮ್ಮೊಮ್ಮೆ ಐದು ವರ್ಷವೂ ಇರುತ್ತದೆ. ಕೊಕ್ಕರೆ, ಬರ, ಹಸಿವು, ಇವುಗಳಿಂದ ತಪ್ಪಿಸಿದ ಗಾಜು ಬರಿಯ ಸೆರೆಮನೆಯಲ್ಲ. ಮೂರು ವರ್ಷ ನೆಮ್ಮದಿಯಾಗಿ ತಿಂದು ಆಡಿ ಸತ್ತ ಮೀನಿಗಾಗಿ ತನ್ನನ್ನು ಹಳಿದುಕೊಳ್ಳುವ ಸಾಕಿದವನು ಆ ಮೀನಿಗೆ ಯಾವ ಉಪಕಾರವನ್ನೂ ಮಾಡುತ್ತಿಲ್ಲ.

ಆಯುಷ್ಯದ ಉದ್ದವೆಂದರೇನೆಂಬುದೇ ಇಲ್ಲಿಯ ಕಠಿನವಾದ ಪ್ರಶ್ನೆ. ಆಫ್ರಿಕದ ಜಿಂಬಾಬ್ವೆ, ಮೊಸಾಂಬಿಕ್ ದೇಶಗಳ ಬಯಲುಗಳಲ್ಲಿ ಮಳೆಗಾಲಕ್ಕೆ ಮಾತ್ರ ನೀರು ನಿಲ್ಲುವ ಕುಂಟೆಗಳಿವೆ. ಅವುಗಳಲ್ಲಿ ವೈಡೂರ್ಯದ ಬಣ್ಣದ ಕಿಲ್ಲಿಫಿಶ್ ಎಂಬ ಪುಟ್ಟ ಮೀನುಂಟು. ಕುಂಟೆ ತುಂಬಿದೊಡನೆ ಕೆಸರಿನಲ್ಲಿ ಹುದುಗಿದ್ದ ಮೊಟ್ಟೆಗಳು ಒಡೆಯುತ್ತವೆ. ಮರಿಗಳು ಹದಿನಾಲ್ಕು ಹದಿನೈದು ದಿನಗಳಲ್ಲಿಯೇ ಪ್ರಾಯಕ್ಕೆ ಬಂದು ಮೊಟ್ಟೆಯಿಡತೊಡಗುವುದನ್ನು ವಿದ್ವಾಂಸರು 2018ರಲ್ಲಿ ಪ್ರಕಟಿಸಿದ್ದಾರೆ. ನೀರು ಆರುವುದರೊಳಗೆ ಬಾಲ್ಯ, ಯೌವನ, ಸಂತಾನ ಎಲ್ಲವೂ ಮುಗಿಯಬೇಕು. ನೀರು ಆರದ ತೊಟ್ಟಿಯಲ್ಲಿಟ್ಟರೂ ಇವುಗಳಲ್ಲಿ ಒಂದು ತಳಿಯು ಮೂರು ನಾಲ್ಕು ತಿಂಗಳಿಗೆ ಬೆನ್ನು ಬಾಗಿ, ಬಣ್ಣ ಮಾಸಿ, ಮುದಿಯಾಗಿ ಸಾಯುತ್ತದೆ. ಕುಂಟೆಯ ಗಡುವು ಮೈಯೊಳಗೇ ಸೇರಿಹೋಗಿದೆ.

ಇಂಥ ಬಾಳು ಚಿಕ್ಕದಾದರೂ ಪೂರ್ಣವಾದುದು. ಅದನ್ನು ಅದರ ಅಳತೆಗೋಲಿನಿಂದಲೇ ಅಳೆಯಬೇಕು ಎಂದು ಸಮಾಧಾನ ಹೇಳುವವರುಂಟು. ಸಮಾಧಾನವು ಸುಂದರವಾಗಿದೆ, ಅದಕ್ಕಾಗಿಯೇ ಸ್ವಲ್ಪ ಸಂಶಯಪಡತಕ್ಕದ್ದು. ಕೊನೆಯ ವಾರದ ಮುದಿ ಮೀನೂ ಬಲೆಯನ್ನು ಕಂಡರೆ ಉಳಿದ ಬಲವನ್ನೆಲ್ಲ ಕೂಡಿಸಿಕೊಂಡು ಓಡುತ್ತದೆ. ತನ್ನ ಬಾಳು ಪೂರ್ಣವಾಯಿತೆಂಬ ತೃಪ್ತಿ ಅದಕ್ಕೆ ಬಂದಂತೆ ಕಾಣುವುದಿಲ್ಲ. ಅಲ್ಪಾಯುವಿನ ದಿನವು ದೀರ್ಘಾಯುವಿನ ದಿನಕ್ಕಿಂತ ಅಗ್ಗವಲ್ಲ. ಬದಲಾಗಿ ಅದು ಹೆಚ್ಚು ಬೆಲೆಯುಳ್ಳದ್ದು. ನೂರು ದಿನಗಳ ಜೀವಕ್ಕೆ ಒಂದು ದಿನದ ಕೊಳಕು ನೀರು ಮನುಷ್ಯನಿಗೆ ಹಲವು ತಿಂಗಳ ರೋಗವಿದ್ದಂತೆ. ಅಲ್ಪಾಯುಸ್ಸಿನಿಂದ ಹುಟ್ಟತಕ್ಕದ್ದು ಉದಾಸೀನವಲ್ಲ, ಅವಸರ.

ಇದೇ ಮೀನಿನ ವಿಷಯದಲ್ಲಿ 2006ರಲ್ಲಿ ಮತ್ತೊಂದು ಸಂಗತಿ ಗೊತ್ತಾಯಿತು: ನೀರಿನ ಶಾಖವನ್ನು 25 ಡಿಗ್ರಿಯಿಂದ 22 ಡಿಗ್ರಿಗೆ ಇಳಿಸಿದರೆ ಅದರ ಆಯುಸ್ಸು ಬೆಳೆಯುತ್ತದೆ. ತಣ್ಣನೆಯ ನೀರಿನಲ್ಲಿ ಬೆಳವಣಿಗೆ ನಿಧಾನ, ಮುಪ್ಪೂ ನಿಧಾನ. ಸಾಕುವವನ ಕೈಯಲ್ಲಿ ಹೀಗೊಂದು ಕೀಲಿ ಇದೆಯೆಂದಾಯಿತು. ಅದನ್ನು ತಿರುಗಿಸಬೇಕೆ? ಜಾತಿಗೆ ಒಗ್ಗುವ ಮೇರೆಯೊಳಗೆ ತಂಪಾಗಿರಿಸುವುದು ತಪ್ಪಲ್ಲ. ಆದರೆ ಆ ಮೇರೆಯನ್ನು ಮೀರಿ, ಸಾಯದಿದ್ದರೆ ಸಾಕೆಂದು ಜಡವಾಗಿಸಿ ಇರಿಸಿಕೊಳ್ಳುವುದು ಮೀನಿನ ಆಸೆಯಲ್ಲ, ಮನೆಯವರ ಆಸೆ.

ಪ್ರಾಣಿಯ ಮೇಲಿನ ಮೋಹದ ಮಾತು ಬಂದಾಗ ಭಾಗವತದ ಭರತನ ಕಥೆ ಯಾರಿಗೂ ನೆನಪಾಗತಕ್ಕದ್ದೇ. ರಾಜ್ಯವನ್ನು ಬಿಟ್ಟು ಬಂದವನು ಹೊಳೆಯಲ್ಲಿ ತೇಲಿಹೋಗುತ್ತಿದ್ದ ಜಿಂಕೆಯ ಮರಿಯನ್ನು ಎತ್ತಿ ಸಾಕಿದನು. ಅದನ್ನೇ ನೆನೆಯುತ್ತ ಸತ್ತು ಜಿಂಕೆಯಾಗಿ ಹುಟ್ಟಿದನು. ಈ ಕಥೆಯನ್ನು ಕರುಣೆಗೆ ವಿರೋಧವಾಗಿ ಓದುವವರು ಒಂದು ಅಂಶವನ್ನು ಮರೆಯುತ್ತಾರೆ: ಮರಿಯನ್ನು ನೀರಿನಿಂದ ಎತ್ತಿದ್ದು ತಪ್ಪೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಶತಪಥಬ್ರಾಹ್ಮಣದ ಮನುವಿನ ಕಥೆಯೋ ಇನ್ನೂ ಹತ್ತಿರದ್ದು. ಕೈತೊಳೆಯುವ ನೀರಿನಲ್ಲಿ ಬಂದ ಮರಿಮೀನನ್ನು ಆತನು ಮೊದಲು ಮಡಕೆಯಲ್ಲಿಟ್ಟನು, ಮಡಕೆ ಸಾಲದಾದಾಗ ಹೊಂಡದಲ್ಲಿ, ಹೊಂಡವೂ ಸಾಲದಾದಾಗ ಕಡಲಿನಲ್ಲಿ. ಮೀನಿನ ಅಳತೆಗೆ ಪಾತ್ರೆಯನ್ನು ಬದಲಾಯಿಸಿದನೇ ಹೊರತು ಪಾತ್ರೆಯ ಅಳತೆಗೆ ಮೀನನ್ನಲ್ಲ.

ಮತ್ತೆ ಆ ಮಗುವಿನ ಕಡೆಗೆ. ಎಷ್ಟೋ ಮನೆಗಳಲ್ಲಿ ತಂದೆತಾಯಿಗಳು ಮಗು ಶಾಲೆಯಿಂದ ಬರುವುದರೊಳಗೆ ಅದೇ ಬಣ್ಣದ ಬೇರೊಂದು ಮೀನನ್ನು ತಂದು ಬಿಡುತ್ತಾರೆ. ಉದ್ದೇಶ ಒಳ್ಳೆಯದು, ಮೀನುಗಳೂ ಒಂದರಂತೆ ಒಂದಿರುತ್ತವೆ. ಆದರೆ ಮಗುವು ಗಾಜಿಗೆ ಮೂಗೊತ್ತಿ ತಿಂಗಳುಗಟ್ಟಲೆ ನೋಡಿದೆ. ಬಲಗಡೆಯ ಈಜುರೆಕ್ಕೆಯ ಸೀಳು ಎಲ್ಲಿ ಹೋಯಿತೆಂದು ಅದು ಕೇಳುತ್ತದೆ. ಆಗ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಒಂದು ವೇಳೆ ಕೇಳದಿದ್ದರೆ ಇನ್ನೂ ಕೆಟ್ಟದ್ದು: ಒಂದು ಹೋದರೆ ಇನ್ನೊಂದು ತಂದರಾಯಿತೆಂಬ ಪಾಠವನ್ನು ಅದು ಮಾತಿಲ್ಲದೆ ಕಲಿತಿರುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಾಡಿನ ಬಾವಿ ಕುಂಟೆಗಳಿಗೆ ಬಿಟ್ಟ ಗಪ್ಪಿಗಳನ್ನು ಯಾರೂ ಲೆಕ್ಕವಿಟ್ಟಿಲ್ಲ. ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರ ಕೈಯ ಪುರಿಗೆ ಮುತ್ತುವ ಮೀನುಗಳಲ್ಲಿ ಯಾವುದು ಇಂದಿಲ್ಲವೆಂದು ಯಾರಿಗೂ ತಿಳಿಯದು. ಹೊಳೆಗೆ ಆ ಸಮೂಹವೇ ಸಾಕು. ಗಾಜಿನೊಳಗಿಟ್ಟು, ಎಣಿಸಿ, ಹೆಸರಿಟ್ಟು ಕರೆದವರು ಆ ಸಮೂಹದ ನೆಮ್ಮದಿಯನ್ನು ತಾವಾಗಿಯೇ ಬಿಟ್ಟುಕೊಟ್ಟಿದ್ದಾರೆ. ಮಗುವಿಗೆ ನಿಜವನ್ನೇ ಹೇಳಿ, ಅದರ ಕೈಯಿಂದಲೇ ಮಲ್ಲಿಗೆಯ ಬುಡದಲ್ಲಿ ಹೂಳಿಸುವುದು ಲೇಸು.

ಮುಪ್ಪಿನ ಉಪಚಾರವನ್ನೂ ಆ ಮಗು ಮೊದಲೇ ನೋಡಿದ್ದರೆ ನಿಜವನ್ನು ಹೇಳುವುದು ಅಷ್ಟು ಕಷ್ಟವಾಗದು. ಮುದಿ ಮೀನು ನೀರಿನ ಸೆಳೆತವನ್ನು ತಾಳಲಾರದು, ಸೆಳೆತವನ್ನು ಕಡಮೆಮಾಡಬೇಕು. ಎಳೆಯವು ಅದರ ಆಹಾರವನ್ನು ಕಸಿಯುತ್ತವೆ; ಅದರ ಬಳಿಗೇ ಕಾಳನ್ನು ಸೇರಿಸಬೇಕು. ಬದುಕುವ ಆಸೆಯಿಲ್ಲದೆ ಪಕ್ಕಕ್ಕೆ ಹೊರಳಿ ನರಳುವಾಗ ಮನೆಯ ಹಲ್ಲುನೋವಿಗೆ ಬಳಸುವ ಲವಂಗದ ಎಣ್ಣೆಯೇ ಒದಗುತ್ತದೆ: ಚೆನ್ನಾಗಿ ಕದಡಿದ ನೀರಿನಲ್ಲಿ ಸ್ವಲ್ಪವಾದರೆ ಮೀನಿಗೆ ಮತ್ತು ಬರುತ್ತದೆ, ಹೆಚ್ಚಾದರೆ ಆ ಮತ್ತಿನಲ್ಲಿಯೇ ಪ್ರಾಣ ಹೋಗುತ್ತದೆ. ಜೀವವಿರುವಾಗಲೇ ಶೌಚದ ಗುಂಡಿಗೆ ಎಸೆಯುವುದಕ್ಕೂ ಇದಕ್ಕೂ ಅಜಗಜಾಂತರ. ಇದು ಹಿಂಸೆಯೆ, ದಯೆಯೆ ಎಂಬುದರಲ್ಲಿ ಸಜ್ಜನರೂ ಒಮ್ಮತಕ್ಕೆ ಬರಲಾರರು. ಎಣ್ಣೆಯನ್ನು ಮುಟ್ಟದೆ ಕೊನೆಯವರೆಗೆ ಕಾವಲಿರುವವರನ್ನು ನಗಲಾಗದು. ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವೆವೆಂಬವರು ಮಾತ್ರ ತಿಳಿಯಬೇಕು: ಹೊರನಾಡಿನ ಮೀನನ್ನು ಕೆರೆಗೆ ಬಿಟ್ಟರೆ ಅಲ್ಲಿಯ ಮೂಲನಿವಾಸಿಗಳಿಗೆ ಕೇಡು.

ಕೊನೆಯ ಮೀನೂ ಹೋದ ಮೇಲೆ ಕೆಲವರು ತೊಟ್ಟಿಯನ್ನು ಹಾಗೆಯೇ ಬಿಟ್ಟು, ಮನಸ್ಸು ತಿಳಿಯಾದ ಮೇಲೆ ನೋಡೋಣವೆನ್ನುತ್ತಾರೆ. ತೊಟ್ಟಿ ಅಷ್ಟು ದಿನ ಕಾಯುವುದಿಲ್ಲ. ಮೀನಿಲ್ಲದ ನೀರಿನಲ್ಲಿ ಅಮೋನಿಯಾ ಇಲ್ಲ. ಅದಿಲ್ಲದೆ ಮರಳಿನೊಳಗಣ ಆ ಸೂಕ್ಷ್ಮಜೀವಿಗಳು ವಾರದಿಂದ ವಾರಕ್ಕೆ ಕ್ಷೀಣಿಸುತ್ತವೆ. ಖಾಲಿ ತೊಟ್ಟಿಗೆ ದಿನವೂ ಚಿಟಿಕೆಯಷ್ಟು ಆಹಾರವನ್ನು ಹಾಕಿ ಕೊಳೆಯಿಸುತ್ತಿದ್ದರೆ ಅವು ಉಳಿಯುತ್ತವೆ. ಮೀನಿಲ್ಲದಿದ್ದರೂ ಬೆಳಗ್ಗೆ ಎದ್ದು, ಮುಚ್ಚಳ ತೆಗೆದು, ಎಂದಿನಂತೆ ಕಾಳು ಉದುರಿಸುವ ಮನೆಗಳೂ ಇವೆ.