ಕೈ ಬೀಸುವುದು ತಪ್ಪಾದ ಊರು

ಒಬ್ಬಾತ ಎದುರು ಮನೆಯವನನ್ನು ಕಂಡು ಕೈ ಬೀಸುತ್ತಾನೆ. ಎದುರು ಮನೆಯವನು ನೋಡಿಯೂ ನೋಡದವನಂತೆ ಮುಖ ತಿರುಗಿಸಿ ಒಳಗೆ ಹೋಗುತ್ತಾನೆ. ಇದು ತಪ್ಪೇ? ಮೇಲುನೋಟಕ್ಕೆ ಇದು ನೀತಿಯ ಪ್ರಶ್ನೆಯೇ ಅಲ್ಲ, ಬರಿಯ ಸೌಜನ್ಯದ ಮಾತು ಎನಿಸೀತು. ಆದರೆ ಜರ್ಮನಿಯ ಒಂದು ಪುಟ್ಟ ಹಳ್ಳಿಯಲ್ಲಿ ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಇದು ದಿನನಿತ್ಯದ ಪ್ರಶ್ನೆಯಾಗಿತ್ತು. ಆ ಹಳ್ಳಿಯ ಹೆಸರು ಮ್ಯೋಡ್ಲರಾಯ್ಟ್. ನಾನು ಅದನ್ನು ಕಣ್ಣಾರೆ ಕಂಡವನಲ್ಲ, ಓದಿ ತಿಳಿದವನು. ಆದರೂ ಅದು ನನ್ನ ನಿದ್ದೆ ಕೆಡಿಸಿದೆ. ಏಕೆಂಬುದನ್ನು ಕೊನೆಗೆ ಹೇಳುತ್ತೇನೆ.

ಬವೇರಿಯಾ ಮತ್ತು ತೂರಿಂಗಿಯಾ ಪ್ರಾಂತಗಳು ಕೂಡುವಲ್ಲಿ, ಹೊಲಗಳ ನಡುವಿನ ತಗ್ಗಿನಲ್ಲಿ ಈ ಊರಿದೆ. ಜನಸಂಖ್ಯೆ ಐವತ್ತರ ಆಸುಪಾಸು. ನಮ್ಮ ಕಟ್ಟಡದ ಒಂದು ಮೆಟ್ಟಿಲ ಸಾಲಿನಲ್ಲೇ ಅಷ್ಟು ಜನರಿದ್ದಾರೆ. ಊರ ನಡುವೆ ಟಾನ್‌ಬಾಖ್ ಎಂಬ ತೊರೆ ಹರಿಯುತ್ತದೆ. ತೊರೆಯೆಂದರೆ ಮಹಾನದಿಯಲ್ಲ, ಹುಡುಗನೊಬ್ಬ ಹಾರಿ ದಾಟಬಹುದಾದಷ್ಟು ಅಗಲ. 1810ರಲ್ಲಿ ಈ ತೊರೆಯನ್ನೇ ಗಡಿಯೆಂದು ಗೊತ್ತುಮಾಡಿ, ಒಂದು ದಡ ಬವೇರಿಯಾ ರಾಜ್ಯಕ್ಕೂ ಇನ್ನೊಂದು ದಡ ರಾಯ್ಸ್ ಸಂಸ್ಥಾನಕ್ಕೂ ಸೇರಿದ್ದೆಂದು ಗುರುತಿನ ಕಲ್ಲು ನೆಟ್ಟರು. ಅದರಿಂದ ಊರವರಿಗೆ ಹೆಚ್ಚಿನ ತೊಂದರೆಯೇನೂ ಆಗಲಿಲ್ಲ. ಶಾಲೆಯೂ ಪಾನಗೃಹವೂ ತೂರಿಂಗಿಯಾದ ದಡದಲ್ಲಿದ್ದವು. ಪ್ರಾರ್ಥನೆಗೆ ಬವೇರಿಯಾದ ಪಕ್ಕದ ಊರು ಟ್ಯೋಪೆನ್ನಿನ ಇಗರ್ಜಿಗೆ ಹೋಗುತ್ತಿದ್ದರು. ನೂರಮೂವತ್ತೈದು ವರ್ಷ ಗೆರೆ ತನ್ನ ಪಾಡಿಗೆ ತಾನಿತ್ತು, ಜನ ತಮ್ಮ ಪಾಡಿಗೆ ತಾವಿದ್ದರು.

1945ರಲ್ಲಿ ಮಹಾಯುದ್ಧ ಮುಗಿದಾಗ ಗೆದ್ದವರು ಜರ್ಮನಿಯನ್ನು ಹಂಚಿಕೊಂಡರು. ಪ್ರಾಂತದ ಗಡಿಯೇ ಅಮೆರಿಕನ್ ಮತ್ತು ಸೋವಿಯತ್ ವಲಯಗಳ ಗಡಿಯಾಯಿತು. 1949ರಲ್ಲಿ ಎರಡು ಜರ್ಮನಿಗಳು ಹುಟ್ಟಿದಾಗ ಅದೇ ತೊರೆ ಎರಡು ದೇಶಗಳನ್ನು ಬೇರೆಮಾಡಿತು. 1952ರ ಮೇ ತಿಂಗಳಲ್ಲಿ ಪೂರ್ವ ಜರ್ಮನಿ ತನ್ನ ಗಡಿಯುದ್ದಕ್ಕೂ ಐದು ಕಿಲೋಮೀಟರ್ ಅಗಲದ ನಿರ್ಬಂಧಿತ ವಲಯವನ್ನು ಏರ್ಪಡಿಸಿತು. ಊರ ನಡುವೆ ಮೊದಲು ಹಲಗೆಯ ಬೇಲಿ ಬಂತು, ಆಮೇಲೆ ಮುಳ್ಳುತಂತಿ. 1966ರಲ್ಲಿ ಸುಮಾರು 700 ಮೀಟರ್ ಉದ್ದದ, ಆಳೆತ್ತರವನ್ನು ಮೀರಿದ ಕಾಂಕ್ರೀಟ್ ಗೋಡೆಯೇ ಎದ್ದಿತು. ಅಮೆರಿಕನ್ನರು ಈ ಹಳ್ಳಿಗೆ 'ಪುಟ್ಟ ಬರ್ಲಿನ್' ಎಂದು ಹೆಸರಿಟ್ಟರು. 1983ರಲ್ಲಿ ಅಮೆರಿಕದ ಅಂದಿನ ಉಪಾಧ್ಯಕ್ಷ ಜಾರ್ಜ್ ಬುಷ್ ಅವರೇ ಬಂದು ನೋಡಿ ಹೋದರು.

ಪಶ್ಚಿಮದ ದಡಕ್ಕೆ ಯಾರು ಬೇಕಾದರೂ ಬಂದು ಗೋಡೆಯಾಚೆ ಇಣುಕಬಹುದಿತ್ತು, ಕೈ ಬೀಸಬಹುದಿತ್ತು. ಪೂರ್ವದ ದಡದವರಿಗೆ ಮರಳಿ ಕೈ ಬೀಸುವುದು ನಿಷಿದ್ಧ. ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೈ ಬೀಸದೆ ಒಳಗೆ ಹೋದವನು ತಪ್ಪು ಮಾಡಿದನೇ?

ನಾನು ಅವನನ್ನು ತಪ್ಪಿತಸ್ಥನೆನ್ನಲಾರೆ. ಅವನಿಗೆ ಹೆಂಡತಿ ಮಕ್ಕಳಿದ್ದರು. ಕಾವಲುಗಾರರ ಕಣ್ಣು ಸದಾ ಅವನ ಮೇಲಿತ್ತು. ಗೋಡೆಯಾಚೆ ಸುರಕ್ಷಿತವಾಗಿ ನಿಂತವನು ಈಚೆಯವನ ಧೈರ್ಯವನ್ನು ಅಳೆಯುವುದು ನ್ಯಾಯವಲ್ಲ. ಆದರೆ ತಪ್ಪು ಅವನದಲ್ಲವೆಂದ ಮಾತ್ರಕ್ಕೆ ತಪ್ಪೇ ನಡೆದಿಲ್ಲ ಎನ್ನಲಾಗದು. ಹಾಗಾದರೆ ಅದು ಯಾರದು? ಆಜ್ಞೆ ಕೊಟ್ಟವರದು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆಜ್ಞೆ ಕೊಟ್ಟವರು ನಾಲ್ಕಾರು ಮಂದಿ. ಅದು ಹಳ್ಳಿಯವರೆಗೆ ತಲುಪಬೇಕಾದರೆ ಎಷ್ಟು ಕೈಗಳು ಬೇಕು!

1952ರ ಜೂನ್ ತಿಂಗಳಲ್ಲಿ ಈ ಗಡಿ ವಲಯದಿಂದ, 'ನಂಬತಕ್ಕವರಲ್ಲ' ಎಂಬ ಕಾರಣಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಮನೆಮಠ ಬಿಡಿಸಿ ಒಳನಾಡಿಗೆ ಸಾಗಿಸಿದರು. ಆ ಕಾರ್ಯಾಚರಣೆಗೆ ಅಂಟಿದ ಹೆಸರು 'ಕ್ರಿಮಿಕೀಟ'. 1961ರಲ್ಲಿ ಮತ್ತೆ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿದಾಗ ಕೆಲವು ಜಿಲ್ಲೆಗಳಲ್ಲಿ ಅದಕ್ಕೆ ಒಂದು ಹೂವಿನ ಹೆಸರು ಕೊಟ್ಟರು. ಕೀಟವೆಂದರೂ ಹೂವೆಂದರೂ ಒಕ್ಕಲೆಬ್ಬಿಸಿದ ಮನೆಯಲ್ಲಿ ಒಲೆ ಆರಿತಷ್ಟೆ. ಇಷ್ಟು ಜನರ ಹೆಸರು ಆಕಾಶದಿಂದ ಉದುರುವುದಿಲ್ಲ. ಯಾರೋ ಪಟ್ಟಿ ಮಾಡಿರಬೇಕು, ಯಾರೋ ಅದನ್ನು ಟೈಪು ಮಾಡಿರಬೇಕು, ಯಾರೋ ಮೇಲಿನವರ ಸಹಿಗೆ ಇಟ್ಟಿರಬೇಕು. ಅವರು ಯಾರನ್ನೂ ಹೊಡೆಯಲಿಲ್ಲ. ಸಂಜೆ ಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಟ್ಟಿರಬಹುದು.

ವಾಚಕರು ಮನ್ನಿಸಬೇಕು, ನಾನೂ ಪಟ್ಟಿ ಮಾಡುವವನೇ. ಬಿ.ಎಸ್‌ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರಕಾರದ ಗುಮಾಸ್ತನಾಗಿ ಈ ಮಹಾನಗರಕ್ಕೆ ಬಂದವನು. ಕೆಲವು ವರ್ಷಗಳ ಹಿಂದೆ, ಅವಧಿ ಮೀರಿ ಸರಕಾರಿ ಕ್ವಾರ್ಟರ್ಸಿನಲ್ಲಿ ಇರುವವರ ಪಟ್ಟಿಯನ್ನು ಮಂಡಿಸುವ ಕೆಲಸ ನನ್ನ ಮೇಜಿಗೆ ಬಂತು. ಅದರಲ್ಲಿ ಗತಿಸಿದ ಒಬ್ಬ ಸಹೋದ್ಯೋಗಿಯ ಹೆಂಡತಿಯ ಹೆಸರಿತ್ತು. ಆಕೆಯ ಮಗನ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಒಂದು ತಿಂಗಳಿತ್ತು; ಅದು ನನಗೆ ಗೊತ್ತಿತ್ತು. ಕಡತದಲ್ಲಿ 'ಷರಾ' ಎಂಬ ಕಲಮು ಖಾಲಿ ಇತ್ತು. ಅಲ್ಲಿ ಒಂದು ಸಾಲು ಬರೆದಿದ್ದರೆ ಸಾಹೇಬರು ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ನನ್ನನ್ನಂತೂ ಯಾರೂ ಶಿಕ್ಷಿಸುತ್ತಿರಲಿಲ್ಲ. ನಾನು ಬರೆಯಲಿಲ್ಲ. 'ನಿಯಮಾನುಸಾರ ಮಂಡಿಸಿದೆ' ಎಂದು ಸಹಿ ಹಾಕಿದೆ. ಅವರು ಮನೆ ಖಾಲಿ ಮಾಡಿದ ದಿನ ನಾನು ಗ್ಯಾಲರಿಯಲ್ಲಿ ನಿಂತಿದ್ದೆ. ಕೆಳಗೆ ಟೆಂಪೋದ ಬಳಿಯಿಂದ ಆ ಹುಡುಗ ನನ್ನನ್ನು ನೋಡಿ ಕೈ ಎತ್ತಿದ. ನಾನು ಒಳಗೆ ಹೋದೆ.

ಒಂದು ಮನೆಯ ಕಡತವನ್ನು ಆ ದೇಶದ ದುರಂತಕ್ಕೆ ಸರಿಸಮ ಎನ್ನುತ್ತಿಲ್ಲ. ನಿಯಮವೂ ಬೇಕು, ಆ ಮನೆಗಾಗಿ ಕಾದು ಕುಳಿತ ಇನ್ನೊಂದು ಸಂಸಾರವೂ ಇತ್ತು. ನಾನು ಹೇಳುವುದು ಇಷ್ಟೇ: ಮ್ಯೋಡ್ಲರಾಯ್ಟಿನ ರೈತನಿಗೆ ಕೈ ಎತ್ತಲು ತೆರಬೇಕಾದ ಬೆಲೆ ದೊಡ್ಡದಿತ್ತು, ಆದ್ದರಿಂದ ಅವನ ಪಾಲಿನ ದೋಷ ಚಿಕ್ಕದು. ನನಗೆ ಬೆಲೆಯೇ ಇರಲಿಲ್ಲ. ಆದ್ದರಿಂದ ನನ್ನದು ದೊಡ್ಡದು. ಹೊಣೆಯನ್ನು ಅಳೆಯಬೇಕಾದದ್ದು ಕೆಲಸದ ಗಾತ್ರದಿಂದಲ್ಲ, ನಮ್ಮ ಕೈಗೆ ಇದ್ದ ಅವಕಾಶದಿಂದ ಎಂದು ನನಗೆ ತೋರುತ್ತದೆ.

1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆಯಿತು. ಅದೇ ಡಿಸೆಂಬರ್ 9ರಂದು ಈ ಹಳ್ಳಿಯ ಗೋಡೆಯಲ್ಲೂ ದಾರಿ ಮಾಡಿದರು. 1990ರ ಜೂನ್ 17ರಂದು ಗೋಡೆಯನ್ನು ಕೆಡವಿದರು. ಸುಮಾರು ನೂರು ಮೀಟರಿನಷ್ಟನ್ನು ಬೇಕೆಂದೇ ಉಳಿಸಿ, ಕಾವಲುಗೋಪುರ, ತಂತಿಬೇಲಿಗಳ ಸಮೇತ ವಸ್ತುಸಂಗ್ರಹಾಲಯ ಮಾಡಿದ್ದಾರೆ. ದೂರದೂರದಿಂದ ಜನ ಬಂದು ನೋಡುತ್ತಾರೆ.

ವಿಶೇಷವೆಂದರೆ 1810ರ ಗೆರೆ ಇನ್ನೂ ಇದೆ! ಅರ್ಧ ಊರು ಬವೇರಿಯಾದ ಟ್ಯೋಪೆನ್ನಿಗೆ, ಅರ್ಧ ಊರು ತೂರಿಂಗಿಯಾದ ಗೆಫೆಲ್ಲಿಗೆ ಸೇರಿದೆ. ಪಿನ್‌ಕೋಡು ಬೇರೆ, ಟೆಲಿಫೋನ್ ಕೋಡು ಬೇರೆ. ಆಚೆಯವರು 'ಗ್ರ್ಯೂಸ್ ಗಾಟ್' ಎಂದರೆ ಈಚೆಯವರು 'ಗುಟನ್ ಟಾಗ್' ಎನ್ನುತ್ತಾರೆ. ಯಾರಿಗೂ ಅದರಿಂದ ನೋವಿಲ್ಲ. ಕಾಸರಗೋಡು, ಅಕ್ಕಲಕೋಟೆಗಳ ಕಡೆಯ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; 1956ರ ಗೆರೆಯ ಬಗೆಗೆ ಅಸಮಾಧಾನ ಎಷ್ಟೇ ಇರಲಿ, ಆಚೆಯ ಊರಿನ ಸೋದರಮಾವನ ಮನೆಗೆ ಹೋಗಿಬರಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಗೆರೆ ಎಳೆಯುವುದೇ ಪಾಪವಲ್ಲ. ಗೆರೆಯ ಆಚೆ ಇರುವವನನ್ನು ನೋಡಬೇಡ ಎಂದು ಹೇಳುವುದು, ಯಾರೂ ಹೇಳದಿದ್ದರೂ ನಾವೇ ನೋಡದಿರುವುದು, ಪಾಪ.

ಪಟ್ಟಿಗಳು ಈಗಲೂ ನನ್ನ ಮೇಜಿಗೆ ಬರುತ್ತವೆ. ಷರಾದ ಕಲಮನ್ನು ಈಗ ನಾನು ಖಾಲಿ ಬಿಡುವುದಿಲ್ಲ. ಹೆಚ್ಚಿನ ಸಲ ಅದರಿಂದ ಏನೂ ಆಗುವುದಿಲ್ಲ. ಆದರೂ ಬರೆಯುತ್ತೇನೆ.