ಎರಡನೆಯ ಕಂಟ್ರೋಲರ್ ಯಾರ ಕೈಯಲ್ಲಿತ್ತು?

ಬುಗುರಿ, ಗೋಲಿ, ಚಿನ್ನಿದಾಂಡುಗಳನ್ನು ನೆನೆದು ಕಣ್ತುಂಬಿಕೊಳ್ಳುವ ನಾವು, ಇಂದು ನಲವತ್ತು ದಾಟಿದವರು ತಮ್ಮ ಬಾಲ್ಯದ ವಿಡಿಯೋ ಗೇಮ್ ಕಂಟ್ರೋಲರನ್ನು ನೆನೆದು ನಿಟ್ಟುಸಿರಿಟ್ಟರೆ ನಗುತ್ತೇವೆ. ಕಾರ್ಖಾನೆಯ ಪ್ಲಾಸ್ಟಿಕ್ಕಿನ ಮೇಲೆ ಇಷ್ಟು ಮಮತೆಯೇ ಎಂಬುದು ನಮ್ಮ ಆಕ್ಷೇಪ. ಅದು ನ್ಯಾಯವೇ?

ಮೊದಲು ವಸ್ತುವನ್ನು ತಿಳಿಯೋಣ. 1972ರಲ್ಲಿ ಅಮೆರಿಕದಲ್ಲಿ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ, ಮನೆಬಳಕೆಯ ಮೊದಲ ವಿಡಿಯೋ ಗೇಮ್ ಯಂತ್ರ. ಅದರ ಕಂಟ್ರೋಲರಿಗೆ ರೇಡಿಯೋದಲ್ಲಿರುವಂತೆ ತಿರುಗಿಸುವ ನಾಬುಗಳಿದ್ದವು. 1977ರ ಅಟಾರಿಗೆ ಒಂದು ಕೋಲು, ಒಂದು ಕೆಂಪು ಗುಂಡಿ. ಬಳಿಕ ನಿಂಟೆಂಡೊ ಸಂಸ್ಥೆಯ ಗುನ್‌ಪೇ ಯೊಕೊಯಿ ಅವರು ಕೋಲನ್ನೇ ಕೈಬಿಟ್ಟು, ಕೂಡುವ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿಯನ್ನು 1982ರ ಕೈಯಾಟಿಕೆಯೊಂದರಲ್ಲಿ ಅಳವಡಿಸಿದರು. ಎಡಗೈಯ ಹೆಬ್ಬೆರಳೊಂದೇ ನಾಲ್ಕು ದಿಕ್ಕುಗಳನ್ನು ಆಳತೊಡಗಿತು. ಮರುವರ್ಷ ಜಪಾನಿನ ಫ್ಯಾಮಿಕಾಂ ಯಂತ್ರಕ್ಕೂ ಅದೇ ಬಂತು. ತೊಂಬತ್ತರ ದಶಕದಲ್ಲಿ ನಮ್ಮ ಮಕ್ಕಳು ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಆಡಿದ ಅಗ್ಗದ ಪೆಟ್ಟಿಗೆಗಳು ಬಹುಪಾಲು ಈ ಫ್ಯಾಮಿಕಾಮಿನ ನಕಲುಗಳು.

ಬುಗುರಿಯನ್ನು ನಾವೇನು ಸ್ವತಃ ಕಡೆದವರೇ? ಕುಶಲಕರ್ಮಿ ಕಡೆದದ್ದನ್ನು ಜಾತ್ರೆಯಲ್ಲಿ ಕೊಂಡವರು. ನಮ್ಮದಾದದ್ದು ಹುರಿ ಸುತ್ತುವ, ಅಂಗೈಗೆ ಎತ್ತಿಕೊಳ್ಳುವ ಕೌಶಲ ಮಾತ್ರ. ಮಗ್ಗಿ ನಾಲಗೆಗೆ ಬಂದಂತೆ ಅವರಿಗೆ ಆಟ ಹೆಬ್ಬೆರಳಿಗೆ ಬಂದಿತ್ತು. ಹಂಬಲಿಸುವುದು ಕೈ, ಕೈಗೆ ಮರವಾದರೇನು, ಪ್ಲಾಸ್ಟಿಕ್ಕಾದರೇನು? ಆದ್ದರಿಂದ ನಮ್ಮ ಆಕ್ಷೇಪ ನಿಲ್ಲದು.

ಆ ಯಂತ್ರಗಳೊಡನೆ ಬಂದ ಬೆಳಕಿನ ಕೋವಿಯ ಸಂಗತಿ ಇನ್ನೂ ವಿಚಿತ್ರ. ಕುದುರೆ ಒತ್ತಿದೊಡನೆ ತೆರೆ ಕಪ್ಪಾಗಿ, ಗುರಿಯಷ್ಟೇ ಬೆಳ್ಳಗೆ ಮಿಂಚುತ್ತದೆ. ಕೋವಿಯ ಕಣ್ಣು ಆ ಬೆಳಕನ್ನು ಅರಸುತ್ತದೆ. ಹಳೆಯ ಪಿಕ್ಚರ್ ಟ್ಯೂಬಿಗಾಗಿ ಹೊಂದಿಸಿದ ಈ ಲೆಕ್ಕಾಚಾರ ಇಂದಿನ ಚಪ್ಪಟೆ ಟಿವಿಯ ಮುಂದೆ ನಡೆಯದು. ಕೋವಿ ಕೆಟ್ಟಿಲ್ಲ, ಆದರೂ ಗುರಿ ತಾಗದು.

ನಮ್ಮನ್ನು ಕಾಡುವ ಪ್ರಶ್ನೆ ಬೇರೆಯದು. ಫ್ಯಾಮಿಕಾಮಿನ ಎರಡು ಕಂಟ್ರೋಲರುಗಳು ಸಮಾನವಲ್ಲ. ಆಟವನ್ನು ಆರಂಭಿಸುವ, ನಡುವೆ ತಡೆಯುವ ಗುಂಡಿ ಮೊದಲನೆಯದಕ್ಕೆ ಮಾತ್ರ ಉಂಟು. ಎರಡನೆಯದಕ್ಕೆ ಕೊಟ್ಟದ್ದು ಒಂದು ಮೈಕು. ಹಲವು ನಕಲುಗಳಲ್ಲಿ ಆ ಮೈಕೂ ಇಲ್ಲ. ನಮ್ಮ ಶಿಷ್ಯರೊಬ್ಬರು ಆ ದಿನಗಳನ್ನು ಬಹು ಮಧುರವಾಗಿ ವರ್ಣಿಸುತ್ತಿದ್ದಾಗ, ಪಕ್ಕದಲ್ಲಿದ್ದ ಅವರ ತಂಗಿ, "ನನಗೆ ಆಟ ಅಷ್ಟು ನೆನಪಿಲ್ಲ ಸರ್. ಅಣ್ಣ ಬೇಕೆಂದಾಗ ನಿಲ್ಲಿಸಿ ಎದ್ದು ಹೋಗುತ್ತಿದ್ದುದು ನೆನಪಿದೆ" ಎಂದರು. ಶಿಷ್ಯರು ನಕ್ಕರು, ಆಕೆ ನಗಲಿಲ್ಲ.

ಹಳಹಳಿಕೆಯು ನಿಜವನ್ನೇ ನುಡಿಯಬಹುದು, ಆದರೆ ಮೊದಲ ಕಂಟ್ರೋಲರ್ ಹಿಡಿದವರ ನಿಜವನ್ನು. ಚಿನ್ನಿದಾಂಡನ್ನು ಕುರಿತು ನಾವು ಬರೆದ ಪ್ರಬಂಧಗಳಲ್ಲಿಯೂ ದಾಂಡು ಹಿಡಿದವರೇ ತುಂಬಿದ್ದಾರೆ. ಬಿಸಿಲಿನಲ್ಲಿ ಚಿನ್ನಿ ಹೆಕ್ಕಿ ತಂದವರು, ಜಗಲಿಯಿಂದ ನೋಡುತ್ತ ನಿಂತ ಹೆಣ್ಣುಮಕ್ಕಳು ಏನನ್ನು ನೆನೆಯುತ್ತಾರೆಂದು ನಾವು ವಿಚಾರಿಸಿದ್ದುಂಟೇ? ಅವರ ಮೌನವನ್ನು ನಮ್ಮ ಸುಖದ ಸಾಕ್ಷಿಯೆಂದೇ ಎಣಿಸುತ್ತ ಬಂದೆವು.

1985ರಲ್ಲಿ ಅಮೆರಿಕಕ್ಕೆ ಹೋದ ಆವೃತ್ತಿಯಲ್ಲಿ ಎರಡೂ ಕಂಟ್ರೋಲರುಗಳನ್ನು ಒಂದೇ ಬಗೆಯಾಗಿ ಮಾಡಿದರು. ಆದರೆ 2016ರಲ್ಲಿ ಜಪಾನಿನಲ್ಲಿ ಹಳೆಯ ಫ್ಯಾಮಿಕಾಮನ್ನು ಪುಟ್ಟ ಗಾತ್ರದಲ್ಲಿ ಮರಳಿ ಹೊರತಂದಾಗ ಮೂಲರೂಪವನ್ನು ನಿಷ್ಠೆಯಿಂದ ಕಾಪಾಡಿದರು. ಎರಡನೆಯದಕ್ಕೆ ಮೈಕಿನ ಆಕಾರ ಮಾತ್ರವಿತ್ತು. ಆರಂಭದ ಗುಂಡಿ ಆಗಲೂ ಇರಲಿಲ್ಲ.